ಕೊಡುವ ಕೈ, ಕಾಯುವ ಕೈ



ಈ ಪುಟದಲ್ಲಿ ತಿಂಗಳು ತಿಂಗಳಿಗೂ ಮನೆಯ ಮಾತನ್ನೇ ಆಡುವುದು ನಮ್ಮ ವಾಡಿಕೆ. ಮಕ್ಕಳ ಓದು, ಹಿರಿಯರ ಪಾಲನೆ, ಸಾಲದ ಭಾರ, ಹಬ್ಬಹರಿದಿನಗಳ ವೆಚ್ಚ, ಇವನ್ನೆಲ್ಲ ಕುರಿತು ಹಿಂದೆ ಬರೆದದ್ದುಂಟು. ಮನೆಗೆ ಬರುವ ಹಣದ ವಿಚಾರವಾಗಿ ಗೃಹಸ್ಥನಾದವನು ಹಗಲಿರುಳೂ ಯೋಚಿಸುತ್ತಾನೆ. ಮನೆಯಿಂದ ಪರಾರ್ಥವಾಗಿ ಹೊರಡುವ ಹಣದ ವಿಚಾರವಾಗಿ ಯೋಚಿಸುವುದು ಬಹಳ ಕಡಿಮೆ. ಕೊಟ್ಟೆವೆಂಬ ತೃಪ್ತಿಯೊಡನೆ ಆ ಯೋಚನೆ ಮುಗಿದುಹೋಗುತ್ತದೆ. ಈ ತಿಂಗಳು ಆ ಮಾತನ್ನು ಎತ್ತಿಕೊಳ್ಳಲು ಕಾರಣ ನಮ್ಮ ಮನೆಯಲ್ಲಿಯೇ ಒದಗಿದೆ.

ಜವನಗೊಂಡನಹಳ್ಳಿಯು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಶಿರಾ ಹಿರಿಯೂರುಗಳ ನಡುವೆ ಇರುವ ಊರು. ಬಿಸಿಲು ಹೆಚ್ಚು, ಮಳೆ ಕಡಿಮೆ. ಹೆದ್ದಾರಿಯ ಅಂಚಿನಲ್ಲಿ ನಮ್ಮ ತಾಯಿಯವರ ಹೆಸರಿನಲ್ಲಿದ್ದ ಸ್ವಲ್ಪ ಬೆದ್ದಲು ಭೂಮಿಯನ್ನು, ಆಕೆ ಕಾಲವಾದ ಎರಡನೆಯ ವರ್ಷದಲ್ಲಿ, ನಾವು ಮೂವರು ಮಕ್ಕಳು ಕೂಡಿ ಮಾರಿದೆವು. ಬಂದ ಹಣದಲ್ಲಿ 20 ಲಕ್ಷ ರೂಪಾಯಿಗಳನ್ನು ಆಕೆಯ ಹೆಸರಿನಲ್ಲಿ ಧರ್ಮಕ್ಕೆ ತೆಗೆದಿಡತಕ್ಕದ್ದೆಂದು ಒಂದೇ ಮನಸ್ಸಿನಿಂದ ಒಪ್ಪಿದೆವು. ಒಮ್ಮತವು ಅಲ್ಲಿಗೇ ಮುಗಿಯಿತು. ಬೆಂಗಳೂರಿನಲ್ಲಿರುವ ನನ್ನ ತಮ್ಮನು ಊರ ಬಾಗಿಲಿನಲ್ಲಿ ತಾಯಿಯ ಹೆಸರು ಕೆತ್ತಿದ ಕಲ್ಲಿನ ಮಹಾದ್ವಾರವೊಂದು ನಿಲ್ಲಬೇಕೆಂದನು. ಹೊಸದುರ್ಗಕ್ಕೆ ಕೊಟ್ಟ ನನ್ನ ತಂಗಿಯು, ಅಮ್ಮನ ಕೈಯ ಅನ್ನವನ್ನು ಉಂಡವರೇ ಊರೆಲ್ಲ ಇರುವಾಗ, ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಅನ್ನಸಂತರ್ಪಣೆ ನಡೆಯುವುದೇ ಸರಿಯೆಂದಳು. ನಾನು ಮೇಷ್ಟರು. ಬಡಮಕ್ಕಳ ಓದಿಗೆ ವಿದ್ಯಾರ್ಥಿವೇತನವೆಂದೆನು. ಮೂರು ಮಾತಿಗೂ ಆಧಾರವಿತ್ತು. ಮೂರರಲ್ಲಿಯೂ ಅವರವರ ಸ್ವಭಾವವೇ ಹೆಚ್ಚಾಗಿದ್ದು ತಾಯಿಯ ನೆನಪು ಕಡಿಮೆಯಾಗಿತ್ತು ಎಂಬುದು ಆಮೇಲೆ ತೋರಿತು.

ದಾನವನ್ನು ಕುರಿತು ನಮ್ಮ ಪೂರ್ವಿಕರು ವಿಚಾರಮಾಡಿದಷ್ಟು ಇನ್ನಾರು ಮಾಡಿದ್ದಾರೋ ನಾನರಿಯೆ. ಯಜ್ಞಾದಿಗಳಿಗೆ ಇಷ್ಟವೆಂದೂ, ಬಾವಿ, ಕೆರೆ, ತೋಪು, ಅನ್ನದಾನ ಮೊದಲಾದ ಲೋಕೋಪಯೋಗದ ಕಾರ್ಯಗಳಿಗೆ ಪೂರ್ತವೆಂದೂ ಹೆಸರಿಟ್ಟು, ಎರಡನ್ನೂ ಜೊತೆಯಲ್ಲಿಯೇ ಹೇಳಿದರು. ಗೀತೆಯ 17ನೆಯ ಅಧ್ಯಾಯದಲ್ಲಿ ದಾನವು ಸಾತ್ತ್ವಿಕ, ರಾಜಸ, ತಾಮಸವೆಂದು ಮೂರು ಬಗೆಯಾಗಿ ವಿಂಗಡವಾಗಿದೆ. ದೇಶ, ಕಾಲ, ಪಾತ್ರಗಳನ್ನು ನೋಡಿ ಪ್ರತಿಫಲವನ್ನು ಬಯಸದೆ ಕೊಟ್ಟುದು ಮೊದಲನೆಯದು. ಹೆಸರನ್ನೋ ಫಲವನ್ನೋ ಎದುರುನೋಡಿ, ಮನಸ್ಸು ನೊಂದು ಕೊಟ್ಟುದು ಎರಡನೆಯದು. ಸಲ್ಲದ ಸ್ಥಳದಲ್ಲಿ, ಸಲ್ಲದವನಿಗೆ, ತಿರಸ್ಕಾರದಿಂದ ಎಸೆದುದು ಮೂರನೆಯದು. ತೈತ್ತಿರೀಯೋಪನಿಷತ್ತಿನಲ್ಲಿ ಗುರುವು ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಇನ್ನೂ ಸೂಕ್ಷ್ಮವಾಗಿ ಹೇಳುತ್ತಾನೆ. ಶ್ರದ್ಧೆಯಿಂದ ಕೊಡು ಎಂದಷ್ಟೇ ನಿಲ್ಲಿಸದೆ, ಲಜ್ಜೆಯಿಂದ ಕೊಡು, ಭಯದಿಂದ ಕೊಡು, ತಿಳಿವಿನಿಂದ ಕೊಡು ಎಂಬ ಅರ್ಥದ ಮಾತುಗಳನ್ನು ಸೇರಿಸುತ್ತಾನೆ. ಶಾಲೆಯಲ್ಲಿ ಇದನ್ನು ಹಲವು ಸಲ ಪಾಠಮಾಡಿದ್ದೆನಾದರೂ, ಕೊಡುವವನಿಗೆ ಲಜ್ಜೆಯೇಕೆ, ಭಯವೇಕೆ ಎಂಬುದು ನನಗೆ ಬಹುಕಾಲ ಅರ್ಥವಾಗಿರಲಿಲ್ಲ. ಅರ್ಥವಾದ ಬಗೆಯನ್ನು ಮುಂದೆ ಹೇಳುವೆನು.

ಮೊದಲು ನಮ್ಮ ನಾಡಿನ ಕೆಲವು ಮನೆತನಗಳ ದತ್ತಿಗಳನ್ನು ನೋಡೋಣ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚುಮೊಳೆಗಳಿಲ್ಲದ ಕಾಲದಲ್ಲಿ ಒಬ್ಬ ಗೃಹಿಣಿಯು ಗ್ರಂಥವೊಂದು ಅಳಿಯದಂತೆ ಮಾಡಿದ ಉಪಾಯವಿದು. ಆಕೆಗೆ ದಾನಚಿಂತಾಮಣಿಯೆಂಬ ಬಿರುದು ಬಂದುದು ಸುಮ್ಮನೆಯಲ್ಲ. ಗುಬ್ಬಿಯಿಂದ ಬೆಂಗಳೂರಿಗೆ ಬಂದು ವ್ಯಾಪಾರದಲ್ಲಿ ಗಳಿಸಿದ ತೋಟದಪ್ಪನವರು ತಮ್ಮ ಗಳಿಕೆಯನ್ನು ಯಾತ್ರಿಕರಿಗೆ ತಂಗಲು ಛತ್ರಕ್ಕೂ ಪರಸ್ಥಳದ ಬಡ ವಿದ್ಯಾರ್ಥಿಗಳ ವಸತಿಗೂ ಮೀಸಲಿಟ್ಟು 1910ರಲ್ಲಿ ಕಾಲವಾದರು. ಬೆಂಗಳೂರಿನ ರೈಲ್ವೆ ನಿಲ್ದಾಣದಿಂದ ಹೊರಬಿದ್ದ ಹಳ್ಳಿಗನು ರಾತ್ರಿ ಎಲ್ಲಿ ಮಲಗುವನು ಎಂದು ಯೋಚಿಸಿ ಛತ್ರದ ಜಾಗವನ್ನು ನಿಲ್ದಾಣದ ಹತ್ತಿರವೇ ಹಿಡಿದರು. ಗೀತೆಯು ದೇಶವೆಂದುದು ಇದನ್ನೇ. ಅದೇ ಛತ್ರವು ಊರಾಚೆ ಎಲ್ಲಿಯೋ ಇದ್ದಿದ್ದರೆ ಗೋಡೆ ಉಳಿಯುತ್ತಿತ್ತು, ಧರ್ಮ ಉಳಿಯುತ್ತಿರಲಿಲ್ಲ.

ಇವರಿಗಿಂತಲೂ ನನ್ನ ಮನಸ್ಸನ್ನು ಹಿಡಿದಿರುವವರು ಸಿರಸಂಗಿಯ ಲಿಂಗರಾಜ ದೇಸಾಯಿಯವರು. ಸವದತ್ತಿಯ ಕಡೆಯ ಸಿರಸಂಗಿ, ಧಾರವಾಡ ಪ್ರಾಂತದ ನವಲಗುಂದ, ಈ ಎರಡು ಹೆಸರಿನ ದೇಸಗತಿಯ ಒಡೆಯರು. 1861ರಲ್ಲಿ ಹುಟ್ಟಿ 1906ರಲ್ಲಿ, ಇನ್ನೂ ನಲವತ್ತೈದು ವರ್ಷದ ಪ್ರಾಯದಲ್ಲಿಯೇ, ತೀರಿಕೊಂಡರು. ಸಾಯುವ ಮೊದಲು ಮರಣಶಾಸನವನ್ನು ಬರೆದು, ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಟ್ರಸ್ಟಿಗೆ ಒಪ್ಪಿಸಿದರು. ಭೂಮಿಯನ್ನು ಬಿಟ್ಟುಕೊಡುವುದು ಎಷ್ಟು ಕಠಿನವೆಂಬುದನ್ನು ಗದ್ದೆಯ ಬದುವಿನ ಒಂದು ಗೇಣಿಗಾಗಿ ನ್ಯಾಯಾಲಯಕ್ಕೆ ಅಲೆದ ಗೃಹಸ್ಥರು ಬಲ್ಲರು. ಜನರು ಅವರನ್ನು ತ್ಯಾಗವೀರರೆಂದು ಕರೆದರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಲಿಂಗರಾಜರು ಒಂದು ಕಟ್ಟಡವನ್ನು ಕಟ್ಟಿಸಿ ಹೋಗಲಿಲ್ಲ. ವರ್ಷವರ್ಷವೂ ಫಲವೀಯುವ ಒಂದು ಮರವನ್ನು ನೆಟ್ಟು ಹೋದರು. ಆ ದತ್ತಿಯ ನೆರವಿನಿಂದ ಓದಿದ ಹುಡುಗರು ಉತ್ತರ ಕರ್ಣಾಟಕದಲ್ಲೆಲ್ಲ ಹರಡಿದರು. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ತಾವಾಗಿ ಹೆಸರಿಗೆ ಆಶಿಸದವರ ಹೆಸರನ್ನು ಬೇರೆಯವರು ಬಾಗಿಲಿನ ಮೇಲೆ ಬರೆದರು. ನನ್ನ ತಮ್ಮನಿಗೆ ಈ ಕಥೆಯನ್ನು ಹೇಳಿದಾಗ ಆತನು ಸ್ವಲ್ಪ ಹೊತ್ತು ಸುಮ್ಮನಿದ್ದನು.

ದತ್ತಿಯೆಂದರೇನು ಎಂಬುದನ್ನು ನಮ್ಮ ಸೀಮೆಯವರಿಗೆ ಕೆರೆಯ ದೃಷ್ಟಾಂತದಿಂದ ಹೇಳಿದರೆ ಸುಲಭ. ಮೂಲಧನವು ಕೆರೆಯಲ್ಲಿ ನಿಂತ ನೀರು. ಬಡ್ಡಿಯು ತೂಬಿನಿಂದ ಗದ್ದೆಗೆ ಹರಿಯುವ ನೀರು. ಟ್ರಸ್ಟಿನ ಪತ್ರವು ಏರಿ. ಧರ್ಮದರ್ಶಿಗಳು ನೀರುಗಂಟಿಗಳು. ಏರಿಯನ್ನು ಒಡೆದು ಒಂದೇ ದಿನದಲ್ಲಿ ನೀರೆಲ್ಲವನ್ನೂ ಹರಿಸುವವನು ಮೂರ್ಖನು. ತೂಬನ್ನೇ ತೆರೆಯದೆ ನೀರನ್ನು ನೋಡಿ ಹಿಗ್ಗುವವನೂ ಅವನಿಗಿಂತ ಮೇಲಲ್ಲ. ನಮ್ಮ ಹಿರಿಯೂರಿನ ವಾಣೀವಿಲಾಸ ಸಾಗರವನ್ನೇ ನೋಡಿರಿ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಆ ಅಣೆಕಟ್ಟಿನ ಕೋಡಿ 1933ರಲ್ಲಿ ಹರಿದುದು ಬಿಟ್ಟರೆ ಮತ್ತೆ ಹರಿದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಅದು ತುಂಬಲಿಲ್ಲ. ಆದರೂ ತುಂಬದ ಆ ಕಾಲದಲ್ಲಿಯೂ ತೋಟಗಳಿಗೆ ನೀರು ಕೊಟ್ಟಿತು. ತುಂಬಿದ ಮೇಲೆ ಕೊಡುವೆನೆಂದು ಕಾಯುವ ಗೃಹಸ್ಥನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಈಗಿನ ಕಾನೂನೂ ಹೆಚ್ಚುಕಡಮೆ ಇದನ್ನೇ ಹೇಳುತ್ತದೆ. ಆದಾಯತೆರಿಗೆಯ ವಿನಾಯಿತಿಯನ್ನು ಪಡೆದ ಧರ್ಮಸಂಸ್ಥೆಯು ತನ್ನ ವರ್ಷದ ವರಮಾನದಲ್ಲಿ ನೂರಕ್ಕೆ 85ರಷ್ಟನ್ನು ಧರ್ಮಕ್ಕೇ ವಿನಿಯೋಗಿಸಬೇಕು, ಉಳಿದ 15ನ್ನು ಕೂಡಿಡಬಹುದು. ಅಮೆರಿಕದಲ್ಲಿ ಖಾಸಗಿ ದತ್ತಿಸಂಸ್ಥೆಗಳು ಆಸ್ತಿಯ ಬೆಲೆಯ ಮೇಲೆ ವರ್ಷಕ್ಕೆ ಸುಮಾರು ನೂರಕ್ಕೆ 5ರಂತೆ ಹೊರಹಾಕಬೇಕೆಂಬ ಕಟ್ಟಳೆಯುಂಟು. ನಮ್ಮ 20 ಲಕ್ಷಕ್ಕೆ ಲೆಕ್ಕಹಾಕೋಣ. ಬಡ್ಡಿಯನ್ನು ನೂರಕ್ಕೆ 6 ಎಂದೇ ಹಿಡಿದರೆ ವರ್ಷಕ್ಕೆ 1,20,000 ರೂಪಾಯಿ. ಅದರಲ್ಲಿ 18,000ವನ್ನು ಮೂಲಧನಕ್ಕೆ ಮರಳಿ ಸೇರಿಸಿದರೆ ಉಳಿದುದು 1,02,000. ಒಬ್ಬೊಬ್ಬರಿಗೆ 17,000ದಂತೆ ಆರು ಮಂದಿ ಹೆಣ್ಣುಮಕ್ಕಳ ಒಂದು ವರ್ಷದ ಓದು. ಆ 18,000ವನ್ನು ಸೇರಿಸದೆ ಹೋದರೆ, ಬೆಲೆಗಳು ಏರುತ್ತಲೇ ಇರುವ ಈ ಕಾಲದಲ್ಲಿ, ಇಪ್ಪತ್ತು ವರ್ಷಕ್ಕೆ ಹಣ ಅಷ್ಟೇ ಇದ್ದರೂ ಅದರ ಕಸುವು ಸೋರಿಹೋಗಿರುತ್ತದೆ. ಕೆರೆಯ ಹೂಳು ಕಣ್ಣಿಗೆ ಕಾಣದಿರುವಂತೆ ಇದೂ ಕಾಣದು.

ಕೊಡುವ ಕ್ರಮಗಳಲ್ಲಿಯೂ ಬಲ್ಲವರು ಬಗೆಬಗೆಯಾದ ಜಾಣ್ಮೆಯನ್ನು ತೋರಿದ್ದಾರೆ. ಜಮಶೇಟಜಿ ಟಾಟಾ ಅವರು 1892ರಲ್ಲಿ ಏರ್ಪಡಿಸಿದ ದತ್ತಿಯಿಂದ ಪರದೇಶಕ್ಕೆ ಓದಲು ಹೋಗುವವರಿಗೆ ಸಾಲರೂಪದ ವೇತನ ಸಿಕ್ಕುತ್ತಿತ್ತು. ಓದಿ ಗಳಿಸಿದವನು ಹಿಂತಿರುಗಿಸಿದ ಹಣ ಮುಂದಿನವನಿಗೆ ದಾರಿಯಾಗುತ್ತಿತ್ತು. ತೆಗೆದುಕೊಂಡವನ ಮಾನಕ್ಕೂ ಕುಂದಿಲ್ಲ, ನಿಧಿಗೂ ಕುಂದಿಲ್ಲ. ಕೇರಳದ ಬಡಕುಟುಂಬದಿಂದ ಬಂದು ಮುಂದೆ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರು ಲಂಡನ್ನಿಗೆ ಹೋದುದು ಈ ದತ್ತಿಯ ನೆರವಿನಿಂದಲೇ. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ವಿಜ್ಞಾನಮಂದಿರಕ್ಕೆ ಟಾಟಾ ಮನೆತನವು ಧನವನ್ನು ಕೊಟ್ಟಿತು, ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. ಸ್ಕಾಟ್ಲೆಂಡಿನ ನೇಕಾರನ ಮಗನಾಗಿ ಹುಟ್ಟಿ ಅಮೆರಿಕದಲ್ಲಿ ಉಕ್ಕಿನ ಒಡೆಯನಾದ ಆಂಡ್ರೂ ಕಾರ್ನೆಗಿಯು 2,500ಕ್ಕೂ ಹೆಚ್ಚು ಪುಸ್ತಕಭಂಡಾರಗಳಿಗೆ ಹಣವಿತ್ತನು. ಆದರೆ ಆತನದೊಂದು ಕರಾರು. ಊರಿನವರು ನಿವೇಶನವನ್ನು ಕೊಡಬೇಕು, ಮತ್ತು ಕಟ್ಟಡದ ಹಣದ ಹತ್ತರಲ್ಲೊಂದು ಪಾಲನ್ನು ವರ್ಷವರ್ಷವೂ ನಡೆವಳಿಗೆ ತಾವೇ ತೆರಬೇಕು. ಊರಿನ ಕೈ ಸೇರದ ಧರ್ಮ ಊರಿನಲ್ಲಿ ನಿಲ್ಲದೆಂಬುದು ಆತನ ಮತ.

ಇತ್ತೀಚಿನ ನಿದರ್ಶನ ನಮ್ಮ ಊರಿನ ಶಾಲೆಯವರೆಗೂ ಬಂದು ಮುಟ್ಟಿದೆ. ಅಜೀಂ ಪ್ರೇಮಜಿಯವರ ಹೆಸರನ್ನು ಕೇಳದವರಿಲ್ಲ. ತಂದೆಯವರು 1945ರಲ್ಲಿ ಅಮಳನೇರದಲ್ಲಿ ತೆಗೆದ ಎಣ್ಣೆಯ ಕಾರಖಾನೆಯನ್ನು ಅವರು 1966ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ವಹಿಸಿಕೊಂಡರು. ತಾಯಿಯವರು ವೈದ್ಯರು. ಮುಂಬಯಿಯಲ್ಲಿ ಮಕ್ಕಳ ಮೂಳೆರೋಗದ ಆಸ್ಪತ್ರೆಗಾಗಿ ದುಡಿದವರು. 2001ರಲ್ಲಿ ಸ್ಥಾಪಿತವಾದ ಅವರ ಪ್ರತಿಷ್ಠಾನಕ್ಕೆ 2019ರ ಹೊತ್ತಿಗೆ ಮೀಸಲಾದ ಸಂಪತ್ತು ಸುಮಾರು 1,45,000 ಕೋಟಿ ರೂಪಾಯಿ. 2024ರಲ್ಲಿ ಈ ಪ್ರತಿಷ್ಠಾನವು ಕರ್ನಾಟಕ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಸರ್ಕಾರವು ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನವೂ ಕೊಡುವಂತೆ, ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ನಾನು ಮೊಟ್ಟೆಯನ್ನು ಮುಟ್ಟಿದವನಲ್ಲ. ಆದರೂ, ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಕುಳಿತುಬಿಡುವ ಮಕ್ಕಳನ್ನು ಮೂವತ್ತು ವರ್ಷ ನೋಡಿದ ಕಣ್ಣಿಗೆ, ಅಜ್ಞಾತನಾದ ಕೊಡುಗನೊಬ್ಬನ ಹಣ ಊಟದ ತಟ್ಟೆಗೆ ನೇರವಾಗಿ ಬಂದುದು ಎಷ್ಟು ದೊಡ್ಡ ಮಾತೆಂದು ಗೊತ್ತು. ಯಾವ ಮಗುವೂ ಅದಕ್ಕಾಗಿ ಅರ್ಜಿ ಬರೆಯಬೇಕಾಗಿರಲಿಲ್ಲ ಎಂಬುದನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನನ್ನ ತಪ್ಪಿನ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ.

ಹನ್ನೊಂದು ವರ್ಷದ ಹಿಂದೆ ನಾವು ನಮ್ಮ ತಂದೆಯವರ ಹೆಸರಿನಲ್ಲಿ ಒಂದು ಚಿಕ್ಕ ದತ್ತಿಯನ್ನು ಇಟ್ಟೆವು. ಹತ್ತನೆಯ ತರಗತಿ ಮುಗಿಸಿ ಮುಂದೆ ಓದುವ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೊಮ್ಮೆ ಸಹಾಯ. ನಿಯಮಗಳನ್ನು ನಾನೇ ಬರೆದೆನು. ನೂರಕ್ಕೆ 60 ಅಂಕ ಬಂದಿರಬೇಕು, ಆದಾಯದ ಪ್ರಮಾಣಪತ್ರವನ್ನು ಲಗತ್ತಿಸಬೇಕು, ಜುಲೈ 31ರೊಳಗೆ ಅರ್ಜಿ ಕೈಸೇರಬೇಕು. ವ್ಯಾಕರಣವನ್ನು ಓದಿದವನಿಗೆ ಸೂತ್ರಗಳ ಮೇಲೆ ಮೋಹ ಹೆಚ್ಚು. ಆ ಮೂರು ಸೂತ್ರಗಳನ್ನು ಬರೆದ ದಿನ ನನಗೆ ಬಹಳ ಹಿತವಾಗಿತ್ತು.

ಮೊದಲ ವರ್ಷವೇ ಒಂದು ಹುಡುಗಿ ಆಗಸ್ಟ್ 4ರಂದು ಅರ್ಜಿಯನ್ನು ತಂದಳು. ತಂದೆ ಕುರಿಗಳನ್ನು ಹೊಡೆದುಕೊಂಡು ಮೇವಿದ್ದ ಕಡೆಗೆ ದೂರ ಹೋಗಿದ್ದನು. ಪ್ರಮಾಣಪತ್ರಕ್ಕಾಗಿ ತಾಯಿಯು ಮೂರು ದಿನದ ಕೂಲಿಯನ್ನು ಬಿಟ್ಟು ತಿರುಗಿದ್ದಳು. ನಾನು ಅರ್ಜಿಯನ್ನು ಓದಿ, ದಿನಾಂಕವನ್ನು ತೋರಿಸಿ, “ಮುಂದಿನ ವರ್ಷ ಸಕಾಲಕ್ಕೆ ತಾರಮ್ಮ” ಎಂದೆನು. ಆಕೆ ವಾದಿಸಲಿಲ್ಲ. “ಆಗಲಿ ಸಾರ್” ಎಂದು ಕಾಗದವನ್ನು ಮಡಿಸಿಕೊಂಡು ಹೋದಳು. ಆ ವರ್ಷ ಸಕಾಲಕ್ಕೆ ಬಂದ ಬೇರೆ ಅರ್ಜಿಯೂ ಇರಲಿಲ್ಲ. ಹಣವನ್ನು ಬ್ಯಾಂಕಿನಲ್ಲಿಯೇ ಉಳಿಸಿ, ಲೆಕ್ಕದ ಪುಸ್ತಕದಲ್ಲಿ “ಅರ್ಹ ಅರ್ಜಿಗಳಿಲ್ಲದ ಕಾರಣ ಉಳಿತಾಯ” ಎಂದು ದುಂಡಗಿನ ಅಕ್ಷರದಲ್ಲಿ ಬರೆದೆನು. ಆಕೆಗೆ ಮುಂದಿನ ವರ್ಷವೆಂಬುದು ಇರಲಿಲ್ಲವೆಂಬುದು ನನಗೆ ತೋಚಲೇ ಇಲ್ಲ.

ಹೋದ ವರ್ಷ, ನಿವೃತ್ತನಾದ ಹೊಸದರಲ್ಲಿ, ಹಿರಿಯೂರಿನ ಬಸ್ಸಿನಲ್ಲಿ ಹೆಂಗಸೊಬ್ಬಳು ಎದ್ದು ನನಗೆ ಜಾಗ ಕೊಟ್ಟಳು. ಅವಳೇ. ಬಟ್ಟೆ ಹೊಲಿಯುವ ಕಾರಖಾನೆಯಲ್ಲಿ ಕೆಲಸ. ಜೊತೆಯಲ್ಲಿ ಆರೇಳು ವರ್ಷದ ಮಗಳು. “ಚೆನ್ನಾಗಿದ್ದೀರಾ ಮೇಷ್ಟ್ರೇ? ನನ್ನ ಗುರುತು ಸಿಕ್ತಾ?” ಎಂದಳು. ನನಗೆ ಉತ್ತರ ಹೊರಡದೆ ಇದ್ದಾಗ ತಾನೇ ಮಗಳಿಗೆ, “ಇವರು ನಮ್ಮ ಮೇಷ್ಟ್ರು, ಬಹಳ ಶಿಸ್ತಿನವರು. ನೀನೂ ಎಲ್ಲಾ ಕೆಲಸ ಹೊತ್ತಿಗೆ ಸರಿಯಾಗಿ ಮಾಡಬೇಕು” ಎಂದು ಹೇಳಿಕೊಟ್ಟಳು. ಮಾತಿನಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಉಪನಿಷತ್ತಿನ ಗುರುವು ಕೊಡುವವನಿಗೆ ಲಜ್ಜೆಯೂ ಭಯವೂ ಇರಲಿ ಎಂದುದೇಕೆಂಬುದು ಆ ದಿನ ಬಸ್ಸಿನ ಸೀಟಿನಲ್ಲಿ ನನಗೆ ತಿಳಿಯಿತು. ಕೊಡುವವನ ಕೈಯಲ್ಲಿ ಮತ್ತೊಬ್ಬರ ಬಾಳಿನ ತಿರುವು ಇರುತ್ತದೆ. ಅಲ್ಲಿ ನಿರ್ಭಯನಾಗಿ ಕುಳಿತಿರುವವನು ಅರಿಯದವನು.

ಇದರಿಂದ ನಿಯಮವೇ ಬೇಡವೆಂದು ಹೇಳುವಂತಿಲ್ಲ. ನಿಯಮವಿಲ್ಲದ ದತ್ತಿಯು ನಾಲ್ಕು ವರ್ಷದಲ್ಲಿ ಬಂಧುಬಳಗದ ಪಾಲಾಗುವುದನ್ನೂ ಕಂಡಿದ್ದೇನೆ. ಆದರೆ ನಿಯಮದ ಹೊರೆಯನ್ನು ಯಾರ ತಲೆಯ ಮೇಲೆ ಇಡಬೇಕು? ನಾನು ಬೇಡುವವರ ತಲೆಯ ಮೇಲೆ ಇಟ್ಟೆನು. ಅದು ಕೊಡುವವನ ಹೆಗಲಿನ ಮೇಲೆ ಇರತಕ್ಕದ್ದು. ಪಾತ್ರವನ್ನು ನೋಡಿ ಕೊಡು ಎಂದರೆ ಪಾತ್ರನಾದವನು ನಿನ್ನ ಬಾಗಿಲಿಗೆ ಬಂದು ತನ್ನ ಪಾತ್ರತೆಯನ್ನು ರುಜುವಾತುಪಡಿಸಲಿ ಎಂದಲ್ಲ, ನೀನು ಹೋಗಿ ಹುಡುಕು ಎಂದು ಅರ್ಥ. ನಮ್ಮ ತಾಯಿಗೆ ಓದು ಬರುತ್ತಿರಲಿಲ್ಲ. ಬೇಸಗೆ ಬಂದಿತೆಂದರೆ ಹೆದ್ದಾರಿಯ ಹುಣಿಸೆಮರದ ಕೆಳಗೆ ಅರವಟ್ಟಿಗೆ ಇಡುತ್ತಿದ್ದಳು. ಮಡಕೆಯಲ್ಲಿ ನೀರು, ಇದ್ದ ದಿನ ಮಜ್ಜಿಗೆ. ಲಾರಿಯವನೋ, ಕುರಿಯವನೋ, ಬೇಡುವವನೋ ಎಂದು ಆಕೆ ಕೇಳಿದ್ದನ್ನು ನಾನು ಕಾಣೆ. ಬಾಯಾರಿಕೆಯೇ ಅಲ್ಲಿ ಪ್ರಮಾಣಪತ್ರ. ಮಗ ಸಂಸ್ಕೃತವನ್ನು ಓದಿ ಅರ್ಥ ಹೇಳುತ್ತಿದ್ದುದನ್ನು ಆಕೆ ಓದದೆ ನಡೆಸುತ್ತಿದ್ದಳು. ಬಸವಾದಿ ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಏಕೆ ಮೇಲೆಂದರು ಎಂಬುದೂ ಇಲ್ಲಿ ಹೊಳೆಯುತ್ತದೆ. ಮೊದಲನೆಯದರಲ್ಲಿ ಕೊಟ್ಟೆನೆಂಬುವನೊಬ್ಬನು ಉಳಿಯುತ್ತಾನೆ, ಎರಡನೆಯದರಲ್ಲಿ ಆತನೂ ಉಳಿಯುವುದಿಲ್ಲ.

ಈ ಮಾತುಗಳನ್ನೆಲ್ಲ ತಾಯಿಯ ತಿಥಿಯ ದಿನ ತಮ್ಮ ತಂಗಿಯರ ಮುಂದೆ ಹೇಳಿದೆನು. ಹೇಳಿ ಮುಗಿಸುವಷ್ಟರಲ್ಲಿ ನನ್ನ ತಮ್ಮನು ನಾನು ನಿರೀಕ್ಷಿಸದ ಒಂದು ಪ್ರಶ್ನೆಯನ್ನು ಹಾಕಿದನು: “ಅಣ್ಣ, ನಾವು ಮೂವರೂ ಹೋದ ಮೇಲೆ ಇದನ್ನು ನೋಡುವವರು ಯಾರು? ಕಲ್ಲಾದರೆ ನಿಂತಿರುತ್ತದೆ. ಬ್ಯಾಂಕಿನ ಕಾಗದವನ್ನು ಯಾರು ಕಾಯುತ್ತಾರೆ?” ಪ್ರಶ್ನೆ ನ್ಯಾಯವಾದುದು. ನಮ್ಮ ಹಳೆಯ ದಾನಶಾಸನಗಳ ಕೊನೆಯಲ್ಲಿ, ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವಿರುವುದನ್ನು ವಾಚಕರು ಬಲ್ಲರು. ಅದರ ಜೊತೆಯಲ್ಲಿಯೇ, ಕೊಡುವುದಕ್ಕಿಂತ ಕೊಟ್ಟುದನ್ನು ಕಾಪಾಡುವುದೇ ಮೇಲೆಂಬ ಮಾತೂ ಉಂಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದನ್ನು ಅರಿತ ಹಿರಿಯರು ಆ ಶಾಸನವನ್ನು ಕಲ್ಲಿನಲ್ಲಿ ಕೆತ್ತಿಸಿ ಊರ ನಡುವೆ ನಿಲ್ಲಿಸಿದರು. ಎಷ್ಟು ಭೂಮಿ, ಯಾವ ಎಲ್ಲೆ, ಯಾವ ಕಾರ್ಯಕ್ಕೆ ಎಂಬುದೆಲ್ಲ ಅದರಲ್ಲಿರುತ್ತಿತ್ತು. ದಾನಿಯ ಕೀರ್ತಿಯೊಡನೆ ಊರಿನವರು ಓದಿ ಪ್ರಶ್ನೆ ಕೇಳಲು ಅನುಕೂಲವಾದ ಲೆಕ್ಕದ ಪುಸ್ತಕವೂ ಅದಾಗಿತ್ತು.

ಈಗ ಶಾಪಕ್ಕೆ ಹೆದರುವವರು ಕಡಿಮೆ. ಕಾನೂನು ಆ ಸ್ಥಾನದಲ್ಲಿ ನಿಂತಿದೆ. 1882ರ ಟ್ರಸ್ಟ್ ಕಾಯಿದೆಯು ಮನೆಮಂದಿಯ ಹಿತಕ್ಕಾಗಿ ಮಾಡಿದ ಖಾಸಗಿ ಟ್ರಸ್ಟುಗಳನ್ನು ಕುರಿತದ್ದು. ಲೋಕಹಿತದ ದತ್ತಿಯು ಅದಕ್ಕಿಂತ ಭಿನ್ನವಾದುದು, ಒಮ್ಮೆ ಕೊಟ್ಟ ಮೇಲೆ ಅದು ಮನೆಯ ಸ್ವತ್ತಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಂತೆ, ಅಂತಹ ದತ್ತಿಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಧರ್ಮದರ್ಶಿಗಳ ಮೇಲೆ ದಾವೆ ಹೂಡಬಹುದು. ಆದರೆ ದತ್ತಿಯಿದೆಯೆಂಬುದೇ ಊರಿಗೆ ತಿಳಿಯದಿದ್ದರೆ ಕೇಳುವವರಾರು? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಗಾದೆ ಒಬ್ಬನು ಒಬ್ಬನಿಗೆ ಮಾಡುವ ಉಪಕಾರಕ್ಕೆ ಸಲ್ಲುತ್ತದೆ. ಊರಿನ ದತ್ತಿಯಲ್ಲಿ ಪಡೆದವರ ಹೆಸರು ಗುಟ್ಟಾಗಿರಬೇಕು, ಲೆಕ್ಕ ಬಯಲಾಗಿರಬೇಕು. ನಮ್ಮಲ್ಲಿ ಬಹುಮಟ್ಟಿಗೆ ನಡೆಯುತ್ತಿರುವುದು ಇದಕ್ಕೆ ತಿರುಗಾಮುರುಗಾ. ಪಡೆದ ಮಗುವಿನ ಚಿತ್ರವನ್ನು ಫ್ಲೆಕ್ಸಿನ ಮೇಲೆ ಹಾಕುತ್ತಾರೆ, ಲೆಕ್ಕವನ್ನು ಬೀರುವಿನಲ್ಲಿ ಇಡುತ್ತಾರೆ.

ಕಡೆಗೆ ನಾವು ಒಪ್ಪಿದುದು ಇಷ್ಟು. ಮಹಾದ್ವಾರವಿಲ್ಲ. ಶಾಲೆಯ ಅಂಗಳದಲ್ಲಿ, ಅನುಮತಿ ದೊರೆತರೆ, ಎದೆಯೆತ್ತರದ ಒಂದು ಕಲ್ಲು. ಅದರ ಮೇಲೆ ತಾಯಿಯ ಹೆಸರು, ಮೂಲಧನದ ಮೊತ್ತ, ಉದ್ದೇಶ, ಮತ್ತು ಲೆಕ್ಕವನ್ನು ಯಾರು ಬೇಕಾದರೂ ಕೇಳಬಹುದೆಂಬ ಒಂದು ಸಾಲು. ಪ್ರತಿವರ್ಷವೂ ತಿಥಿಯ ದಿನ ಆ ಕಲ್ಲಿನ ಬಳಿ ಲೆಕ್ಕವನ್ನು ಗಟ್ಟಿಯಾಗಿ ಓದುವುದು. ಓದಿದ ಮೇಲೆ ಕೇಳಲು ಬಂದವರಿಗೆಲ್ಲ ತಂಗಿಯ ಖರ್ಚಿನಲ್ಲಿ ಊಟ. ದತ್ತಿಯ ಹಣದಲ್ಲಿ ಒಂದು ಕಾಸೂ ಊಟಕ್ಕೆ ಹೋಗಕೂಡದೆಂದು ಆಕೆಯೇ ಕರಾರು ಹಾಕಿದಳು. ಹೆಣ್ಣುಮಕ್ಕಳನ್ನು ಹುಡುಕುವ ಕೆಲಸ ಧರ್ಮದರ್ಶಿಗಳದು. ಶಾಲೆಯ ಉಪಾಧ್ಯಾಯಿನಿಯನ್ನೂ ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆಯನ್ನೂ ವಿಚಾರಿಸಿ, ಫಲಿತಾಂಶ ಬಂದ ವಾರದಲ್ಲಿಯೇ ಮನೆಗೆ ಹೋಗತಕ್ಕದ್ದು. ಹಣವು ಶುಲ್ಕ ಕಟ್ಟುವ ದಿನಕ್ಕೆ ಮೊದಲು ಕೈಸೇರಬೇಕು, ಮಳೆ ನಿಂತ ಮೇಲೆ ಕೊಡೆ ಕೊಟ್ಟಂತಾಗಬಾರದು. ಒಂದು ವರ್ಷ ಕೊಟ್ಟು ಕೈಬಿಡದೆ ಆ ಮಗುವಿನ ಎರಡು ವರ್ಷದ ಓದು ಮುಗಿಯುವವರೆಗೂ ನಡೆಸಬೇಕು. ಆದುದರಿಂದ ಹೊಸದಾಗಿ ಸೇರಿಸುವುದು ವರ್ಷಕ್ಕೆ ಮೂವರನ್ನು ಮಾತ್ರ.

ಇನ್ನೊಂದು ಕಲಮನ್ನು ತಮ್ಮನೇ ಸೇರಿಸಿದನು. ಹದಿನೈದು ವರ್ಷಕ್ಕೊಮ್ಮೆ ಉದ್ದೇಶವನ್ನೇ ಮರುಪರಿಶೀಲಿಸಬೇಕು. ಮುಂದೆ ಎಲ್ಲ ಹೆಣ್ಣುಮಕ್ಕಳ ಓದೂ ಸರ್ಕಾರದಿಂದಲೇ ನಡೆಯುವ ಸುಕಾಲ ಬಂದರೆ, ಈ ಹಣವು ಅದಕ್ಕೆ ಹತ್ತಿರವಾದ ಬೇರೆ ಕೊರತೆಗೆ ಹೋಗಲಿ ಎಂಬುದು ಇದರ ಭಾವ. ಸತ್ತವರ ಕೈ ಬದುಕಿರುವವರ ಕೊರಳನ್ನು ಹಿಡಿಯಬಾರದು. ಯಾತ್ರಿಕರೇ ಇಳಿಯದ ದಾರಿಯ ಛತ್ರಗಳೂ, ಕೊಳವೆಬಾವಿಗಳ ಕಾಲದಲ್ಲಿ ಒಣಗಿದ ಧರ್ಮದ ಬಾವಿಗಳೂ ನಮ್ಮ ಕಣ್ಣ ಮುಂದೆಯೇ ಇವೆಯಷ್ಟೆ.

ನಾಲ್ಕು ಮಂದಿ ಧರ್ಮದರ್ಶಿಗಳಲ್ಲಿ ಮೂವರು ನಾವು. ನಾಲ್ಕನೆಯವರು ಮನೆಯವರಾಗಕೂಡದು, ಹೆಂಗಸಾಗಿರತಕ್ಕದ್ದು, ಬಡತನವನ್ನು ಉಂಡು ಬಲ್ಲವರಾಗಿರಬೇಕು ಎಂದು ಪತ್ರದ ಕರಡಿನಲ್ಲಿ ಬರೆದಿದ್ದೇವೆ. ಆ ಸ್ಥಾನಕ್ಕಾಗಿ ನಾನು ಬಸ್ಸಿನಲ್ಲಿ ಕಂಡ ಆ ಹೆಣ್ಣುಮಗಳ ಮನೆಗೆ ಹೋಗಿದ್ದೆನು. ಮೊದಲು ಹನ್ನೊಂದು ವರ್ಷದ ಹಿಂದಿನ ನನ್ನ ತಪ್ಪನ್ನು ಒಪ್ಪಿಕೊಂಡೆನು. ಆಕೆ ನಕ್ಕು, “ಅದೆಲ್ಲಾ ಈಗ ಯಾಕೆ ಸಾರ್, ಕಾಫಿ ಕುಡೀರಿ” ಎಂದಳು. ಧರ್ಮದರ್ಶಿಯಾಗಬೇಕೆಂದು ಕೇಳಿದಾಗ ಮಾತ್ರ ನಗು ನಿಂತಿತು. “ನನಗೆ ಏನು ಗೊತ್ತಾಗುತ್ತೆ?” ಎಂದಳು. “ಯಾರಿಗೆ ಯಾವ ಕಾಗದ ಯಾಕೆ ಸಿಕ್ಕಲಿಲ್ಲ ಎಂಬುದು ನಿನಗೆ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ” ಎಂದೆನು. ಮನೆಯಲ್ಲಿ ಕೇಳಿ ಹೇಳುವೆನೆಂದಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಒಲ್ಲೆನೆನ್ನುವ ಹಕ್ಕು ಆಕೆಗೆ ಪೂರ್ಣವಾಗಿ ಉಂಟು. ಈ ಸಲ ದಿನಾಂಕದ ಗಡುವನ್ನು ನಾನು ಹಾಕಿಲ್ಲ.

ನಮ್ಮ ವಾಚಕರಲ್ಲಿ ಅನೇಕರು ತಂದೆತಾಯಿಗಳ ಹೆಸರಿನಲ್ಲಿ ಏನಾದರೊಂದು ಮಾಡಬೇಕೆಂಬ ಸಂಕಲ್ಪವುಳ್ಳವರಾಗಿರಬಹುದು. ಮೊತ್ತ 20 ಲಕ್ಷವಾಗಬೇಕೆಂಬ ನಿಯಮವಿಲ್ಲ. ಹತ್ತು ಸಾವಿರವಾದರೂ ಸರಿ, ಕೆಲಸ ಒಂದೇ. ತಾಯಿಯು ಏನನ್ನು ಕೊಡುತ್ತಿದ್ದಳು, ಹೇಗೆ ಕೊಡುತ್ತಿದ್ದಳು ಎಂಬುದನ್ನು ಮೊದಲು ಮಕ್ಕಳೆಲ್ಲ ಕುಳಿತು ನೆನೆಯಿರಿ. ಆಮೇಲೆ ಲೆಕ್ಕವನ್ನು ಬರೆಯಿರಿ. ನಿಮ್ಮ ಬಾಗಿಲಿಗೆ ಬಂದವರನ್ನು ಉಪಚರಿಸಿರಿ, ಬರಲಾರದವರು ಎಲ್ಲಿದ್ದಾರೆಂದು ವರ್ಷಕ್ಕೆ ನಾಲ್ಕು ದಿನವಾದರೂ ನಡೆದು ನೋಡಿರಿ. ಬೇಸಗೆ ಹತ್ತಿರ ಬರುತ್ತಿದೆ. ದತ್ತಿಯ ಪತ್ರ ನೋಂದಣಿಯಾಗುವುದಕ್ಕೆ ಇನ್ನೂ ಕೆಲವು ದಿನ ಹಿಡಿಯಬಹುದು. ಅಷ್ಟರೊಳಗೆ ಹುಣಿಸೆಮರದ ಕೆಳಗಿನ ಅರವಟ್ಟಿಗೆಯನ್ನು ಈ ವರ್ಷ ಮತ್ತೆ ಇಡುವುದೆಂದು ನಿಶ್ಚಯಿಸಿದ್ದೇವೆ. ಮಡಕೆಗಳನ್ನು ತರಲು ನಾಳೆ ಸಂತೆಗೆ ಹೋಗಬೇಕು.